ಬರ್ಲಿ... ಬರ್ಲಿ... ಹೋಲ್ಡಾನ್!

"ನಿಮ್ಮ ತಾತ ಏನು ಕೆಲಸ ಮಾಡ್ತಿದ್ರು?" ಎಂದು ಯಾರಾದರೂ ಕೇಳಿದರೆ ನನ್ನ ಮೊಮ್ಮಗಳು ಪುಟ್ಟಿ ಥಟ್ಟನೆ ಹೇಳುತ್ತಾಳೆ: "ನಮ್ಮ ತಾತ ಬಸ್ಸಿನ ಹಿಂದೆ ನಿಂತ್ಕೊಂಡು ಕೂಗ್ತಿದ್ರು!"

ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಮಾತು ಸುಳ್ಳಲ್ಲ. ಹಾಸನದ ಕಡೆಯ ಹಳ್ಳಿ ರಸ್ತೆಗಳಲ್ಲಿ ಮೂವತ್ತು ವರ್ಷ ನಾನು ಬಸ್ ಕಂಡಕ್ಟರ್ ಆಗಿದ್ದವನು. ಟಿಕೆಟ್ ಹರಿಯುವುದು, ಚಿಲ್ಲರೆ ಕೊಡುವುದು, ಕೋಳಿ ಹಿಡಿದು ಬಂದವರ ಹತ್ತಿರ ಜಗಳವಾಡುವುದು, ಇವೆಲ್ಲ ಇದ್ದೇ ಇದ್ದವು. ಅದರ ಜೊತೆಗೆ ಇನ್ನೊಂದು ಕೆಲಸವಿತ್ತು. ಡ್ರೈವರ್ ರಿವರ್ಸ್ ಗೇರಿಗೆ ಕೈ ಹಾಕಿದ ಕೂಡಲೇ ಕಂಡಕ್ಟರ್ ಕೆಳಗೆ ಇಳಿಯಬೇಕು, ಬಸ್ಸಿನ ಹಿಂದಕ್ಕೆ ಹೋಗಿ ಡ್ರೈವರಿಗೆ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಬೇಕು. ಆಮೇಲೆ ಶುರು: "ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್!" ಬಸ್ಸಿನ ತಗಡಿಗೆ ಎರಡು ಸಲ ಧಬಧಬ ಬಡಿದರೆ ಮುಗಿಯಿತು.

ಸ್ಟಿಯರಿಂಗ್ ಒಂದು ದಿನವೂ ಹಿಡಿದವನಲ್ಲ ನಾನು. ಸೈಕಲ್ ಬಿಟ್ಟರೆ ಬೇರೆ ಗಾಡಿ ಓಡಿಸಲು ಬರುವುದಿಲ್ಲ. ಹೀಗಿರುವಾಗ ಹೋದ ಬೇಸಿಗೆಯಲ್ಲಿ ಅಮೆರಿಕದ ಒಂದು ಕೆರೆಯ ದಂಡೆಯಲ್ಲಿ ನಿಂತು ನನ್ನ ಹಳೆಯ ಕೆಲಸ ಮತ್ತೆ ಮಾಡಬೇಕಾಗಿ ಬಂತು. ಆ ಕಥೆ ಹೇಳುತ್ತೇನೆ. ಅದರ ಒಳಗೆ ಇನ್ನೊಂದು ಕಥೆ ಇದೆ. ಅದನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳಿರಲಿಲ್ಲ.

ನನ್ನ ಮಗ ಇರುವುದು ಮಿನ್ನೆಸೋಟ ರಾಜ್ಯದಲ್ಲಿ. ಅಲ್ಲಿಯ ಕಾರುಗಳ ನಂಬರ್ ಪ್ಲೇಟಿನ ಮೇಲೇ 'ಹತ್ತು ಸಾವಿರ ಕೆರೆಗಳು' ಎಂದು ಬರೆದಿರುತ್ತದೆ. ಅದು ಜಂಬದ ಮಾತಲ್ಲ, ಕಡಿಮೆಯೇ ಹೇಳಿದ್ದಾರೆ. ಹತ್ತು ಎಕರೆಗಿಂತ ದೊಡ್ಡ ಕೆರೆಗಳನ್ನು ಎಣಿಸಿದರೆ 11,842 ಇವೆಯಂತೆ. ಚಳಿಗಾಲದಲ್ಲಿ ಅವೆಲ್ಲ ಹೆಪ್ಪುಗಟ್ಟುತ್ತವೆ. ಬೇಸಿಗೆ ಬಂತೆಂದರೆ ಊರಿಗೆ ಊರೇ ನೀರಿನ ಕಡೆಗೆ ಹೊರಡುತ್ತದೆ.

ನನ್ನ ಮಗನೂ ಅಲ್ಲಿಯವರ ಹಾಗೇ ಆಗಿದ್ದಾನೆ. ಮೀನು ಹಿಡಿಯಲೆಂದೇ ಒಂದು ಕಯಾಕ್ ಕೊಂಡಿದ್ದ. ಕಯಾಕ್ ಎಂದರೆ ಉದ್ದನೆಯ, ಕಿರಿದಾದ ಹಗುರ ದೋಣಿ. ಉತ್ತರ ಧ್ರುವದ ಹತ್ತಿರದ ಇನುಯಿಟ್ ಜನ ಕಟ್ಟಿಗೆ ಮೂಳೆಗಳ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ ಇದನ್ನು ಮಾಡುತ್ತಿದ್ದರು. ನಮ್ಮ ಕಡೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿ ಹರಿಗೋಲು ಮಾಡುತ್ತಿದ್ದರಲ್ಲ, ಹಾಗೇ. ಈಗಿನದು ಪ್ಲಾಸ್ಟಿಕ್ಕಿನದು. ಮಗನದ್ದು ಇಬ್ಬರು ಕೂರುವಂಥದ್ದು. ಗಾಳ ಸಿಕ್ಕಿಸಲು ತೂತುಗಳು, ಮೀನಿನ ಡಬ್ಬಿಗೆ ಜಾಗ, ಕಾಲು ಚಾಚಲು ಜಾಗ. ತೂಕ ನಲವತ್ತು ಕಿಲೋ ಮೀರುತ್ತದೆ.

ಮೊದಲು ಅದನ್ನು ಕಾರಿನ ತಲೆಯ ಮೇಲೆ ಹೊರಿಸಿಕೊಂಡು ಹೋಗುತ್ತಿದ್ದನಂತೆ. ಒಂದು ದಿನ ಎತ್ತುವಾಗ ಸೊಂಟ ಹಿಡಿದುಕೊಂಡಿತು. ನಾವು ಹೋಗುವ ಹೊತ್ತಿಗೆ ಮನೆ ಮುಂದೆ ಒಂದು ಪುಟ್ಟ ಟ್ರೇಲರ್ ಬಂದು ನಿಂತಿತ್ತು. ಎರಡು ಚಕ್ರ, ಒಂದು ಕಬ್ಬಿಣದ ಚೌಕಟ್ಟು, ಅಷ್ಟೇ.

"ಇದನ್ನ ಕಾರಿಗೆ ಹೆಂಗೋ ಕಟ್ತೀಯ?" ಎಂದು ಕೇಳಿದೆ. ಮಗ ತೋರಿಸಿದ.

ಕಾರಿನ ಹಿಂದೆ ಒಂದು ಕಬ್ಬಿಣದ ಗುಂಡು ಇರುತ್ತದೆ, ನಿಂಬೆಹಣ್ಣಿನ ಗಾತ್ರದ್ದು. ಟ್ರೇಲರಿನ ಮೂತಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥದ್ದು ಇರುತ್ತದೆ. ಬಟ್ಟಲನ್ನು ಗುಂಡಿನ ಮೇಲೆ ಕೂರಿಸಿ, ಕೊಂಡಿ ಒತ್ತಿ, ಪಿನ್ನು ತೂರಿಸಬೇಕು. ಆಮೇಲೆ ಮೂತಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ನೋಡಬೇಕು. ಗುಂಡು ಬಿಟ್ಟು ಬಂದರೆ ಸರಿಯಾಗಿ ಕೂತಿಲ್ಲ ಎಂದು ಅರ್ಥ. ಜೊತೆಗೆ ಎರಡು ಸರಪಳಿಗಳಿವೆ. ಅವನ್ನು ಒಂದರ ಮೇಲೊಂದು ಅಡ್ಡ ಬರುವ ಹಾಗೆ ಸಿಕ್ಕಿಸಬೇಕು. ದಾರಿಯಲ್ಲಿ ಬಟ್ಟಲು ಕಳಚಿಕೊಂಡರೂ ಮೂತಿ ರಸ್ತೆಗೆ ಕುತ್ತುವುದಿಲ್ಲ, ಸರಪಳಿಗಳ ತೊಟ್ಟಿಲಿಗೆ ಬೀಳುತ್ತದೆ. ಕೊನೆಗೆ ವೈರು ಸಿಕ್ಕಿಸಿದರೆ ಕಾರಿನ ಬ್ರೇಕ್ ದೀಪ ಹತ್ತಿದಾಗ ಟ್ರೇಲರಿನ ದೀಪವೂ ಹತ್ತುತ್ತದೆ.

ಕಯಾಕನ್ನು ಟ್ರೇಲರಿನ ಮೇಲೆ ಇಟ್ಟು ಪಟ್ಟಿ ಬಿಗಿಯುವಾಗ ಮಗ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಾದರೂ ಕಾರಿನ ಗುಂಡಿನ ಮೇಲೆ ಬೀಳಬೇಕಂತೆ. ಹಿಂದೆ ಭಾರವಾದರೆ ಓಡುವಾಗ ಟ್ರೇಲರ್ ಹಾವಿನ ಹಾಗೆ ಅತ್ತಿತ್ತ ಹೊಯ್ದಾಡುತ್ತದಂತೆ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಹೇಳಿದಳು: "ಇದೇನು ಹೊಸದಾ? ನಮ್ಮಪ್ಪ ಎತ್ತಿನ ಗಾಡೀಗೆ ಹುಲ್ಲು ಹೇರುವಾಗ ಇದನ್ನೇ ಹೇಳ್ತಿದ್ರು. ಹಿಂಭಾರ ಆದ್ರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಹಿಡ್ಕೊಳ್ಳುತ್ತೆ. ಮುಂಭಾರ ಆದ್ರೆ ಎತ್ತು ಕುಸಿಯುತ್ತೆ. ಹದವಾಗಿ ಹೇರಬೇಕು."

ಮಗ ಅವರಮ್ಮನನ್ನು ಒಂದು ಕ್ಷಣ ನೋಡಿ, "ಇಷ್ಟನ್ನ ತಿಳ್ಕೊಳ್ಳೋಕೆ ನಾನು ಎರಡು ದಿನ ಓದಿದೆ" ಎಂದ.

ಮುಂದಕ್ಕೆ ಹೋಗುವುದೇನೋ ಸುಲಭ. ಕಾರು ಹೋದ ಕಡೆ ಟ್ರೇಲರ್ ಬರುತ್ತದೆ. ಆದರೆ ಕೆರೆಯ ಹತ್ತಿರ ನೀರಿಗೆ ಇಳಿಯುವ ಸಿಮೆಂಟಿನ ಇಳಿಜಾರು ಇರುತ್ತದೆ. ಅಲ್ಲಿ ಟ್ರೇಲರನ್ನು ಹಿಂದು ಮುಂದಾಗಿ ಇಳಿಸಬೇಕು. ಮಗನಿಗೆ ಬಾರದಿದ್ದದ್ದು ಅದೇ.

ಯಾಕೆಂದರೆ ಹಿಂದಕ್ಕೆ ಹೋಗುವಾಗ ಎಲ್ಲ ತಿರುಗುಮುರುಗು. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ಬಲಕ್ಕೆ ಬೇಕಾದರೆ ಎಡಕ್ಕೆ. ಮಕ್ಕಳೇ, ನಿಮ್ಮ ಮನೆಯಲ್ಲಿ ಟ್ರೇಲರ್ ಇರುವ ಆಟದ ಟ್ರ್ಯಾಕ್ಟರ್ ಇದ್ದರೆ ನೆಲದ ಮೇಲೆ ಹಿಂದಕ್ಕೆ ತಳ್ಳಿ ನೋಡಿ. ಎರಡು ಗೇಣು ಹೋಗುವುದರೊಳಗೆ ಅದು ಸೊಟ್ಟಗಾಗುತ್ತದೆ. ಸೊಟ್ಟಗಾದ ಮೇಲೂ ತಳ್ಳಿದರೆ ಅಡಕತ್ತರಿಯ ಬಾಯಿ ಮುಚ್ಚಿದ ಹಾಗೆ ಎರಡೂ ಮಡಚಿಕೊಳ್ಳುತ್ತವೆ. ಟ್ರೇಲರ್ ಚಿಕ್ಕದಾದಷ್ಟೂ ಬೇಗ ಮಡಚುತ್ತದೆ. ಉದ್ದ ಲಾರಿ ನಿಧಾನವಾಗಿ ತಿರುಗುತ್ತದೆ, ಈ ಪುಟ್ಟ ಟ್ರೇಲರ್ ಮೇಕೆಮರಿಯ ಹಾಗೆ ಚಂಗನೆ ತಿರುಗುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಹತ್ತಿರದ ಶಾಲೆಯ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋದೆವು. ಪುಟ್ಟಿ ರಟ್ಟಿನ ಡಬ್ಬಗಳನ್ನು ಸಾಲಾಗಿ ಇಟ್ಟಳು. ಅದು ನೀರಿಗೆ ಇಳಿಯುವ ದಾರಿ. ಮಗ ಸ್ಟಿಯರಿಂಗ್ ಹಿಡಿದ. ನಾನು ಹಿಂದೆ ನಿಂತೆ. ಹದಿನೈದು ವರ್ಷದ ಮೇಲೆ ಗಂಟಲು ಸರಿಮಾಡಿಕೊಂಡು, "ಬರ್ಲಿ... ಬರ್ಲಿ... ರೈಟ್, ರೈಟ್..." ಎಂದೆ.

ಟ್ರೇಲರ್ ಸರ್ರನೆ ಪಕ್ಕಕ್ಕೆ ತಿರುಗಿ ನಾಲ್ಕು ಡಬ್ಬಗಳನ್ನು ಉರುಳಿಸಿತು.

"ಏನೋ ಮಾಡ್ದೆ?"

"ನೀನೇ ರೈಟ್ ಅಂದ್ಯಲ್ಲಪ್ಪಾ! ಬಲಕ್ಕೆ ತಿರುಗಿಸಿದೆ!"

ನನಗೆ ನಗು ತಡೆಯಲಾಗಲಿಲ್ಲ. ಕಂಡಕ್ಟರ ಭಾಷೆಯಲ್ಲಿ 'ರೈಟ್' ಎಂದರೆ ಬಲಗಡೆ ಅಲ್ಲ, 'ಸರಿಯಾಗಿದೆ, ಹೊರಡು' ಎಂದು. ಅಲ್ಲೇ ಕೂತು ಎಲ್ಲರೂ ಸೇರಿ ಮಾತುಗಳನ್ನು ಗೊತ್ತುಮಾಡಿಕೊಂಡೆವು. 'ಬರ್ಲಿ' ಎಂದರೆ ನಿಧಾನವಾಗಿ ಹಿಂದೆ ಬಾ. 'ಹೋಲ್ಡಾನ್' ಎಂದರೆ ಯಾಕೆ ಏನು ಎಂದು ಕೇಳದೆ ನಿಲ್ಲು. ಎಡ ಬಲ ಎಂದು ಬಾಯಲ್ಲಿ ಹೇಳುವುದೇ ಬೇಡ, ಬಾಲ ಯಾವ ಕಡೆ ಬರಬೇಕೋ ಆ ಕಡೆಗೆ ಕೈ ಚಾಚುವುದು. ನನ್ನ ಮುಖ ಕನ್ನಡಿಯಲ್ಲಿ ಕಾಣದಿದ್ದರೆ, ನಾನು ಏನೂ ಹೇಳದಿದ್ದರೂ ಅವನೇ ನಿಲ್ಲಿಸುವುದು.

ಸೊಸೆ ಇನ್ನೊಂದು ಉಪಾಯ ಹೇಳಿದಳು. ಸ್ಟಿಯರಿಂಗ್ ಚಕ್ರದ ಮೇಲೆ ಅಲ್ಲ, ಕೆಳಗಿನ ತುದಿಯಲ್ಲಿ ಒಂದು ಕೈ ಇಟ್ಟುಕೊಳ್ಳುವುದು. ಆಗ ಟ್ರೇಲರಿನ ಬಾಲ ಎಡಕ್ಕೆ ಬೇಕೆಂದರೆ ಕೈಯನ್ನು ಎಡಕ್ಕೆ ಸರಿಸಿದರಾಯಿತು, ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ವಲ್ಪವೇ ತಿರುಗಿಸಬೇಕು, ಕಾಯಬೇಕು. ಸೊಟ್ಟಗಾಯಿತೋ, ಹಟ ಮಾಡದೆ ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಬರಬೇಕು.

ಕಯಾಕ್ ಇಳಿಸಿದ ಮೇಲೆ ಇನ್ನೊಂದು ತಾಪತ್ರಯ. ಖಾಲಿ ಟ್ರೇಲರ್ ಎಷ್ಟು ತಗ್ಗು ಎಂದರೆ ಡ್ರೈವರಿಗೆ ಕಾಣುವುದೇ ಇಲ್ಲ. ಅದಕ್ಕೆ ಬಾಲದ ಎರಡೂ ಮೂಲೆಗೆ ಬಿಳಿಯ ಪ್ಲಾಸ್ಟಿಕ್ ಪೈಪು ನಿಲ್ಲಿಸಿ ತುದಿಗೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿದೆವು. "ತಾತಾ, ತೇರಿನ ಥರ ಇದೆ" ಎಂದ ಐದು ವರ್ಷದ ಚಿನ್ನು.

ಮಧ್ಯಾಹ್ನದ ಹೊತ್ತಿಗೆ ಒಂದು ಡಬ್ಬವೂ ಬೀಳದ ಹಾಗೆ ಮಗ ಟ್ರೇಲರನ್ನು ಹಿಂದೆ ತಂದ. "ಇನ್ನು ಪರವಾಗಿಲ್ಲ ಬಿಡಪ್ಪಾ. ಕ್ಯಾಮೆರಾನೂ ಇದೆ" ಎಂದ.

ಕಾರಿನ ಹಿಂದೆ ಕ್ಯಾಮೆರಾ ಇದ್ದದ್ದು ನಿಜ. ಅದು ಹೇಗೆ ಬಂತು ಎಂದು ಅವತ್ತು ರಾತ್ರಿ ಊಟದ ಹೊತ್ತಿನಲ್ಲಿ ಸೊಸೆ ಹೇಳಿದಳು. 2002ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬ ತಂದೆ ತನ್ನ ಮನೆಯ ಮುಂದೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಹಿಂದೆ ಅವನದೇ ಎರಡು ವರ್ಷದ ಮಗ ಬಂದು ನಿಂತದ್ದು ಯಾವ ಕನ್ನಡಿಯಲ್ಲೂ ಕಾಣಲಿಲ್ಲ. ಮಗು ಉಳಿಯಲಿಲ್ಲ. ಆ ತಂದೆ ತಾಯಿ ತಮ್ಮ ದುಃಖವನ್ನು ಮನೆಯೊಳಗೆ ಇಟ್ಟುಕೊಂಡು ಕೂರಲಿಲ್ಲ. ಬೇರೆ ಮಕ್ಕಳಿಗೆ ಹೀಗಾಗಬಾರದೆಂದು ವರ್ಷಗಟ್ಟಲೆ ಓಡಾಡಿದರು. 2008ರಲ್ಲಿ ಆ ಮಗುವಿನ ಹೆಸರಿನಲ್ಲೇ ಒಂದು ಕಾನೂನು ಆಯಿತು. ಅದರಿಂದಾಗಿ 2018ರ ಮೇ ತಿಂಗಳಿಂದ ಅಮೆರಿಕದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು.

"ಆದ್ರೆ ಮಾವ, ಟ್ರೇಲರ್ ಕಟ್ಟಿದ್ರೆ ಆ ಕ್ಯಾಮೆರಾಗೆ ಟ್ರೇಲರೇ ಅಡ್ಡ" ಎಂದಳು ಸೊಸೆ. "ಅದರ ಹಿಂದೆ ಏನಿದೆ ಅಂತ ಕಾಣಲ್ಲ."

ನಾನು ಅನ್ನ ಕಲೆಸುತ್ತ ಸುಮ್ಮನಿದ್ದೆ. ನನ್ನ ಮನಸ್ಸು ಬೇರೆಲ್ಲೋ ಹೋಗಿತ್ತು.

ಮುಂದಿನ ಶನಿವಾರ ಕೆರೆಗೆ ಹೊರಟೆವು. ಮನೆಯಿಂದ ಅರ್ಧ ಗಂಟೆಯ ದಾರಿ. ಬೆಳಿಗ್ಗೆಯೇ ನಾಲ್ಕಾರು ದೋಣಿಗಳು ಬಂದಿದ್ದವು. ಅಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಇಳಿಜಾರಿನಲ್ಲಿ ನಿಂತು ಸಾಮಾನು ಜೋಡಿಸುವ ಹಾಗಿಲ್ಲ. ಪಕ್ಕದಲ್ಲಿ ನಿಲ್ಲಿಸಿ ಗಾಳ, ಹುಟ್ಟು, ಬುತ್ತಿ ಎಲ್ಲ ಕಯಾಕಿಗೆ ತುಂಬಿ, ನಡುವಿನ ಪಟ್ಟಿಗಳನ್ನು ಬಿಚ್ಚಿ, ಮೂತಿಯ ಪಟ್ಟಿ ಒಂದನ್ನು ಮಾತ್ರ ಉಳಿಸಿಕೊಂಡು ಸರದಿಗೆ ಬರಬೇಕು. ಇಲ್ಲದಿದ್ದರೆ ಹಿಂದಿನವರು ಕಾಯಬೇಕಾಗುತ್ತದೆ.

ಎಲ್ಲರಿಗೂ ತೇಲುವ ಜಾಕೆಟ್ ಹಾಕಿಸಿದ ಮಗ. ಪ್ರತಿಯೊಂದಕ್ಕೂ ಒಂದು ಪುಟ್ಟ ಪ್ಲಾಸ್ಟಿಕ್ ಸೀಟಿ ಕಟ್ಟಿತ್ತು, ನೀರಿನಲ್ಲಿ ಸಿಕ್ಕಿಬಿದ್ದರೆ ಊದಲು. ಅದನ್ನು ನೋಡಿ ನನಗೆ ಹಳೆಯ ಗೆಳೆಯ ಸಿಕ್ಕ ಹಾಗಾಯಿತು.

ಅಜ್ಜಿ ಒಂದು ಬೆಂಚಿನ ಮೇಲೆ ಕೂರಬೇಕು, ಚಿನ್ನು ಅವಳ ಪಕ್ಕ ಕೂರಬೇಕು, ಕಾರು ನಿಲ್ಲುವವರೆಗೆ ಏಳಬಾರದು ಎಂದು ನಿಯಮ ಮಾಡಿದೆ. ಪುಟ್ಟಿ ನನ್ನ ಪಕ್ಕ. ನಾನು ಇಳಿಜಾರಿನ ಎಡಗಡೆ ನಿಂತೆ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ ಇರುವುದರಿಂದ ಡ್ರೈವರಿಗೆ ಎಡಗಡೆಯೇ ಚೆನ್ನಾಗಿ ಕಾಣುವುದು.

"ಬರ್ಲಿ... ಬರ್ಲಿ..."

ಟ್ರೇಲರ್ ನೆಟ್ಟಗೆ ಬರುತ್ತಿತ್ತು. ನೀರಿಗೆ ಇನ್ನು ಹತ್ತು ಹೆಜ್ಜೆ. ಅಭ್ಯಾಸಬಲದಿಂದ ಒಂದು ಸಲ ಬೆಂಚಿನ ಕಡೆ ಕಣ್ಣು ಹಾಯಿಸಿದೆ. ಅಜ್ಜಿ ಇದ್ದಳು. ಚಿನ್ನು ಇರಲಿಲ್ಲ.

ಎಲ್ಲಿದ್ದಾನೆ ಎಂದು ನೋಡುವುದಕ್ಕೂ ಮೊದಲೇ ಸೀಟಿ ನನ್ನ ಬಾಯಲ್ಲಿತ್ತು. ಜೋರಾಗಿ ಊದಿ, ಕಯಾಕಿನ ಮೇಲೆ ಧಬಧಬ ಬಡಿದು, "ಹೋಲ್ಡಾನ್!" ಎಂದು ಕೂಗಿದೆ. ಕೆರೆಯ ಆಚೆ ದಡಕ್ಕೂ ಕೇಳಿರಬೇಕು. ಮಗ ನಿಲ್ಲಿಸಿದ. ಸರದಿಯಲ್ಲಿದ್ದ ಬಿಳಿ ಗಡ್ಡದ ಅಮೆರಿಕನ್ನನೂ ನಿಂತಲ್ಲೇ ನಿಂತ. ಆ ಮಾತು ಮೂಲದಲ್ಲಿ ಅವರ ಭಾಷೆಯದೇ ಅಲ್ಲವೇ, ನಮ್ಮ ಕಂಡಕ್ಟರುಗಳ ಬಾಯಲ್ಲಿ ತಿರುಗಿ ತಿರುಗಿ ನುಣುಪಾಗಿದೆ ಅಷ್ಟೇ!

ಮಗ ಗಾಜು ಇಳಿಸಿ, "ಏನಪ್ಪಾ? ಏನಾಯ್ತು? ಕ್ಯಾಮೆರಾದಲ್ಲಿ ಏನೂ ಕಾಣಿಸ್ತಿಲ್ವಲ್ಲ" ಎಂದ.

"ಚಿನ್ನು ಎಲ್ಲಿ?"

ಟ್ರೇಲರಿನ ಹಿಂದೆ ನೋಡಿದೆ, ಆ ಪಕ್ಕ ನೋಡಿದೆ, ಬಗ್ಗಿ ಕೆಳಗೂ ನೋಡಿದೆ. ಇಲ್ಲ. ಅಷ್ಟರಲ್ಲಿ ದೂರದ ಶೌಚಾಲಯದ ಕಡೆಯಿಂದ ಸೊಸೆ ಚಿನ್ನುವಿನ ಕೈ ಹಿಡಿದುಕೊಂಡು ಬಂದಳು. "ಅರ್ಜೆಂಟು ಅಂದ ಮಾವ, ಹೇಳೋಕೆ ಆಗ್ಲಿಲ್ಲ" ಎಂದಳು. ಅಜ್ಜಿ ಬೆಂಚಿನಿಂದಲೇ, "ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ಊರೆಲ್ಲ ಕೇಳೋ ಹಂಗೆ ಕೂಗಬೇಕಿತ್ತಾ?" ಎಂದಳು.

ಮಗನ ಮುಖ ಕೆಂಪಾಗಿತ್ತು. ಹಿಂದೆ ಜನ ಕಾಯುತ್ತಿದ್ದರು. "ಅಪ್ಪಾ, ಏನೂ ಆಗಿರಲಿಲ್ಲ. ಸುಮ್ಮನೆ ಎಲ್ಲರ ಮುಂದೆ..." ಎಂದು ಅರ್ಧಕ್ಕೇ ನಿಲ್ಲಿಸಿದ. ಬಿಳಿ ಗಡ್ಡದವನು ಮಾತ್ರ, ನಿಧಾನವಾಗಿ ಇಳಿಸಿ, ಅವಸರವೇನಿಲ್ಲ ಎಂಬಂತೆ ಕೈಸನ್ನೆ ಮಾಡಿದ.

ಮತ್ತೆ "ಬರ್ಲಿ" ಎಂದೆ. ಚಕ್ರ ನೀರಿಗೆ ತಾಗಿದಾಗ "ಹೋಲ್ಡಾನ್" ಎಂದೆ. ಮಗ ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಕಯಾಕ್ ಜಾರಿ ನೀರಿಗೆ ಕೂತಿತು. ಅವನು ಪುಟ್ಟಿಯನ್ನು ಕರೆದುಕೊಂಡು ಒಂದು ಸುತ್ತು ಹೋಗಿ ಬಂದ. ಆಮೇಲೆ ಏನನ್ನಿಸಿತೋ, "ಬಾಪ್ಪಾ, ನೀನೂ ಕೂತ್ಕೋ" ಎಂದ.

ಕೆರೆಯ ಮಧ್ಯದಲ್ಲಿ ಸದ್ದೇ ಇರಲಿಲ್ಲ. ಗಾಳ ಬಿಟ್ಟು ಇಬ್ಬರೂ ಕೂತಿದ್ದೆವು, ಅವನು ಹಿಂದೆ, ನಾನು ಮುಂದೆ. ಮುಖ ಮುಖ ನೋಡಬೇಕಾಗಿರಲಿಲ್ಲ. ಅದಕ್ಕೇ ಇರಬೇಕು, ಮಾತು ಬಂತು.

"1991ರ ಆಷಾಢ ಕಣೋ," ಎಂದು ಶುರು ಮಾಡಿದೆ. "ನೀನು ನಾಲ್ಕನೇ ಕ್ಲಾಸು ಮುಗಿಸಿದ್ದೆ. ನಾನು ರಾತ್ರಿ ತಂಗುವ ಬಸ್ಸಿನಲ್ಲಿದ್ದೆ. ಜಡಿಮಳೆ. ಆ ಹಳ್ಳಿಯಲ್ಲಿ ಅರಳಿಕಟ್ಟೆ ಪಕ್ಕ ಬಸ್ಸನ್ನ ತಿರುಗಿಸಿ ನಿಲ್ಲಿಸಬೇಕಿತ್ತು. ನಾನು ಇಳಿದು ಹಿಂದೆ ಹೋಗಬೇಕಿತ್ತು. ಮಳೆಗೆ ಬೇಜಾರಾಯ್ತು. ವೇಬಿಲ್ ಬರೆಯೋದೂ ಬಾಕಿ ಇತ್ತು. ಹಿಂದಿನ ಸೀಟಲ್ಲಿ ಕೂತ್ಕೊಂಡೇ ಗಾಜಿನಲ್ಲಿ ನೋಡಿದೆ. ಗಾಜಿನ ತುಂಬ ಕೆಸರು. ಏನೂ ಕಾಣಲಿಲ್ಲ. ಏನೂ ಇಲ್ಲ ಅಂದ್ಕೊಂಡೆ. ಕೂತಲ್ಲಿಂದಲೇ ಬರ್ಲಿ, ಬರ್ಲಿ ಅಂದೆ."

ಮಗ ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಕಟಕಟ ಅಂತ ಸದ್ದು ಬಂತು. ಇಳಿದು ಓಡಿದೆ. ಚಕ್ರದ ಕೆಳಗೆ ಒಂದು ಸೈಕಲ್. ಪಕ್ಕದಲ್ಲಿ ಹೈಸ್ಕೂಲ್ ಹುಡುಗ, ತಲೆ ಮೇಲೆ ಪುಸ್ತಕದ ಚೀಲ. ಚೈನು ಬಿದ್ದಿತ್ತಂತೆ, ಕೂತು ಹಾಕ್ತಾ ಇದ್ನಂತೆ. ಚೀಲ ನೆನೆಯುತ್ತೆ ಅಂತ ಎದ್ದು ಒಂದು ಹೆಜ್ಜೆ ಪಕ್ಕಕ್ಕೆ ಹೋಗಿದ್ದ. ಒಂದೇ ಹೆಜ್ಜೆ. ನನ್ನ ಬೈಲಿಲ್ಲ ಅವನು. ನಮ್ಮಪ್ಪ ಹೊಡೀತಾರೆ ಅಂತ ಅಳೋಕೆ ಶುರು ಮಾಡಿದ. ನಾನು ಡ್ರೈವರ್ ಮುಖ ನೋಡಿದೆ. ಆತ ಒಂದೇ ಮಾತು ಹೇಳಿದ. ನೀನು ಬರ್ಲಿ ಅಂದೆ, ನಾನು ಬಂದೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೀರು ದೋಣಿಯ ಹೊಟ್ಟೆಗೆ ತಟ್ಟುವ ಸದ್ದು ಮಾತ್ರ.

"ಅವತ್ತು ರಾತ್ರಿಯೇ ಅವರ ಮನೆಗೆ ಹೋಗಿ ತಪ್ಪು ನನ್ನದು ಅಂದೆ. ಮುಂದಿನ ತಿಂಗಳು ಒಂದು ಸೈಕಲ್ ಕೊಡಿಸಿದೆ. ಆಮೇಲೆ ರಿಟೈರ್ ಆಗೋವರೆಗೂ ಇಳಿಯದೆ ಒಂದು ಸಲವೂ ಬರ್ಲಿ ಅಂದಿಲ್ಲ."

ಮಗ ನಿಧಾನವಾಗಿ ಕೇಳಿದ: "ಅಪ್ಪಾ, ಆ ವರ್ಷ ದೀಪಾವಳಿಗೆ ನನಗೆ ಸೈಕಲ್ ಕೊಡಿಸ್ತೀನಿ ಅಂದಿದ್ದೆ. ಆಮೇಲೆ ಮಳೆ ಜಾಸ್ತಿ, ರಸ್ತೆ ಸರಿಯಿಲ್ಲ, ಮುಂದಿನ ವರ್ಷ ನೋಡೋಣ ಅಂದೆ. ಆ ಸೈಕಲ್ ಅಲ್ಲಿಗೆ ಹೋಯ್ತಾ?"

"ಹೂಂ ಕಣೋ. ನಿನ್ನದೇ ದುಡ್ಡು ಅದು."

"ಹೇಳಬಹುದಿತ್ತಲ್ಲಪ್ಪಾ. ನಾನು ಎಷ್ಟು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ."

"ಒಂಬತ್ತು ವರ್ಷದ ಮಗನಿಗೆ ಏನಂತ ಹೇಳೋದು? ನಿನ್ನಷ್ಟೇ ಇದ್ದ ಇನ್ನೊಂದು ಮಗು ನನ್ನ ಸೋಮಾರಿತನದಿಂದ ಹೋಗಿಬಿಡ್ತಿತ್ತು ಅಂತಲಾ?"

ಅವನು ಉತ್ತರ ಕೊಡಲಿಲ್ಲ. ನನ್ನ ಬೆನ್ನ ಮೇಲೆ ಒಂದು ಸಲ ಕೈ ಇಟ್ಟು ತೆಗೆದ. ಗಾಳ ಎಳೆದದ್ದು ಆಗಲೇ. ಅಂಗೈ ಅಗಲದ ಒಂದು ಸನ್‌ಫಿಶ್ ಸಿಕ್ಕಿತ್ತು, ಹೊಟ್ಟೆ ಹಳದಿ, ಮೈಯೆಲ್ಲ ಹೊಳಪು. ಬಿಡಿಸಿ ನೀರಿಗೇ ಬಿಟ್ಟ.

ದಡಕ್ಕೆ ಬಂದ ಮೇಲೆ ಟ್ರೇಲರ್ ತರಲು ಹೋದ ಮಗ, ಕಾರು ಹತ್ತುವ ಮೊದಲು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಗ್ಗಿ ಚಕ್ರದ ಹಿಂದೆ ನೋಡಿದ. ಆಮೇಲೆ "ಚಿನ್ನು ಎಲ್ಲಿ?" ಎಂದು ಗಟ್ಟಿಯಾಗಿ ಕೇಳಿದ. "ಇಲ್ಲಿ!" ಎಂದ ಚಿನ್ನು, ಅಜ್ಜಿಯ ತೊಡೆಯ ಮೇಲಿಂದ. ಆಮೇಲೇ ಅವನು ರಿವರ್ಸ್ ಹಾಕಿದ್ದು. ನಾನೇನೂ ಹೇಳಿರಲಿಲ್ಲ.

ಹೊರಡುವ ಮೊದಲು ಪುಟ್ಟಿ ಕಯಾಕಿಗೂ ಟ್ರೇಲರಿಗೂ ಅಂಟಿದ ಪಾಚಿ, ಜೊಂಡು ಎಲ್ಲ ಕಿತ್ತಳು, ನೀರು ಬಸಿಯುವ ಬಿರಡೆ ತೆಗೆದಳು. ಒಂದು ಕೆರೆಯ ಚಿಪ್ಪುಹುಳು ಇನ್ನೊಂದು ಕೆರೆಗೆ ಹೋಗಿ ಹಬ್ಬಬಾರದೆಂದು ಅಲ್ಲಿ ಅದು ಕಾನೂನು. ಅವಳು ಕೆಲಸ ಮುಗಿಸಿ ಬಂದು ಕೇಳಿದಳು: "ತಾತಾ, ನೀವು ಸುಮ್ಮನೆ ನಿಲ್ಲಿಸಿದ್ರಿ ಅಲ್ವಾ? ಚಿನ್ನು ಅಲ್ಲಿ ಇರ್ಲೇ ಇಲ್ಲ."

"ಹೌದು ಪುಟ್ಟಿ, ಸುಮ್ಮನೆ ನಿಲ್ಲಿಸಿದೆ. ಸಾವಿರ ಸಲ ಸುಮ್ಮನೆ ನಿಲ್ಲಿಸಿದರೂ ನಷ್ಟವಿಲ್ಲ. ಹಿಂದೆ ಏನೂ ಕಾಣದಿರೋದು ಬೇರೆ, ಏನೂ ಇಲ್ಲದಿರೋದು ಬೇರೆ" ಎಂದೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಕಯಾಕ್ ಇರಲಿಕ್ಕಿಲ್ಲ. ಆದರೆ ಶಾಲೆಯ ವ್ಯಾನು, ಕಬ್ಬಿನ ಟ್ರ್ಯಾಕ್ಟರು, ನೀರಿನ ಟ್ಯಾಂಕರು, ಚಿಕ್ಕಪ್ಪನ ಕಾರು ಇದ್ದೇ ಇರುತ್ತವೆ. ಗಾಡಿಯ ಹಿಂದೆ ಬಿಳಿ ದೀಪ ಹತ್ತಿದರೆ ಅದು ಹಿಂದಕ್ಕೆ ಬರುತ್ತಿದೆ ಎಂದು ತಿಳಿಯಿರಿ. ಕನ್ನಡಿಯಲ್ಲಿ ಡ್ರೈವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುವುದಿಲ್ಲ. ಚೆಂಡು ಗಾಡಿಯ ಹಿಂದೆ ಉರುಳಿದರೆ ಉರುಳಲಿ, ಚೆಂಡು ಇನ್ನೊಂದು ಸಿಗುತ್ತದೆ. ಟ್ರೇಲರಿನ ಮೂತಿ ಮತ್ತು ಗಾಡಿಯ ನಡುವೆ ಯಾವತ್ತೂ ನುಸುಳಬೇಡಿ.

ನನ್ನ ವಯಸ್ಸಿನವರಿಗೂ ಒಂದು ಮಾತು. ನೆಂಟರು ಹೊರಟಾಗ ನಾವೆಲ್ಲ ಗೇಟಿನವರೆಗೆ ಹೋಗಿ ಕಳಿಸಿಕೊಡುತ್ತೇವೆ, ಮಾತು ಮುಗಿಯುವುದಿಲ್ಲ. ಮಕ್ಕಳು ಕಾಲಡಿಯಲ್ಲಿ ಓಡಾಡುತ್ತಿರುತ್ತವೆ. ಆ ಎರಡು ನಿಮಿಷ ಒಂದು ಮಗುವಿನ ಕೈ ನಿಮ್ಮ ಕೈಯಲ್ಲಿರಲಿ. ನಮ್ಮಲ್ಲೂ 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂಬದಿಯ ಸೆನ್ಸರ್ ಕಡ್ಡಾಯವಾಗಿದೆ. ಅದು ಕೀಂಕೀಂ ಎನ್ನುತ್ತದೆ, ಒಳ್ಳೆಯದು. ಆದರೆ ಅದು ಇಳಿದು ಹೋಗಿ ನೋಡುವುದಿಲ್ಲ. ನೋಡಬೇಕಾದವರು ನಾವೇ.

ನಾವು ಊರಿಗೆ ವಾಪಸ್ಸು ಬಂದು ತಿಂಗಳಾದ ಮೇಲೆ ಒಂದು ಭಾನುವಾರ ಪುಟ್ಟಿ ವಿಡಿಯೋ ಕಾಲ್ ಮಾಡಿದಳು. ಜಾಕೆಟ್ ಹಾಕಿಕೊಂಡೇ ಇದ್ದಳು, ಕುತ್ತಿಗೆಯಲ್ಲಿ ಸೀಟಿ.

"ತಾತಾ, ಇವತ್ತು ನಾನೇ ಕಂಡಕ್ಟರ್! ಅಪ್ಪ ಮೂರು ಸಲ ಇಳಿದು ನೋಡಿದ್ರು. ನಾನು ಎರಡು ಸಲ ಹೋಲ್ಡಾನ್ ಅಂದೆ."

"ಯಾಕಮ್ಮಾ, ಹಿಂದೆ ಏನಿತ್ತು?"

"ಒಂದು ಸಲ ಬಾತುಕೋಳಿ. ಇನ್ನೊಂದು ಸಲ ಏನೂ ಇರಲಿಲ್ಲ ತಾತಾ. ಸುಮ್ಮನೆ ನಿಲ್ಲಿಸಿದೆ."